ಚಿತ್ರದ ಧ್ವನಿಯನ್ನು ಹೊರಗಿನ ಸ್ಟುಡಿಯೋಗೆ ಒಪ್ಪಿಸುವ ಬಗೆ: ಉತ್ತರ ಕನ್ನಡದ ಸಂಕಲನಕಾರರಿಗೆ ಸಮಗ್ರ ಮಾರ್ಗದರ್ಶಿ

ಶಿರಸಿ, ಕುಮಟಾ, ಕಾರವಾರದ ಕಡೆ ಕುಳಿತು ಸಾಕ್ಷ್ಯಚಿತ್ರ, ಕಿರುಚಿತ್ರಗಳನ್ನು ಸಂಕಲಿಸುವವರು ಈಗ ಸಾಕಷ್ಟು ಜನರಿದ್ದಾರೆ. ಕ್ಯಾಮೆರಾ ಕೈಯಲ್ಲಿದೆ, ಸಾಫ್ಟ್‌ವೇರ್ ಲ್ಯಾಪ್‌ಟಾಪಿನಲ್ಲಿದೆ. ಆದರೆ ಧ್ವನಿಯ ಕೊನೆಯ ಮಿಶ್ರಣಕ್ಕೆ ಬೇಕಾದ, ಅಳತೆ ನೋಡಿ ಕಟ್ಟಿದ ಕೋಣೆ ಮತ್ತು ಆ ಕೋಣೆಯಲ್ಲಿ ಪಳಗಿದ ಕಿವಿ ನಮ್ಮ ಮನೆಗಳಲ್ಲಿ ಇರುವುದಿಲ್ಲ. ಹಾಗಾಗಿ ಚಿತ್ರವನ್ನು ಬೆಂಗಳೂರಿನ ಇಲ್ಲವೇ ಮುಂಬೈಯ ಯಾವುದಾದರೂ ಸ್ಟುಡಿಯೋಗೆ ಒಪ್ಪಿಸಬೇಕಾಗುತ್ತದೆ. ಅಲ್ಲಿಯ ಬಾಡಿಗೆ ಸಾಮಾನ್ಯವಾಗಿ ಗಂಟೆಯ ಲೆಕ್ಕ ಅಥವಾ ಪಾಳಿಯ ಲೆಕ್ಕ. ನಾವು ಕಳಿಸಿದ ಫೈಲುಗಳನ್ನು ಬಿಡಿಸಿ, ಯಾವ ಟ್ರ್ಯಾಕಿನಲ್ಲಿ ಏನಿದೆಯೆಂದು ಹುಡುಕಿ, ಕಾಣೆಯಾದ ಧ್ವನಿಗಾಗಿ ನಮಗೆ ಫೋನ್ ಮಾಡಿ ಕಾಯುವ ಹೊತ್ತೆಲ್ಲವೂ ಆ ಲೆಕ್ಕದಲ್ಲೇ ಕಳೆಯುತ್ತದೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಬಡಗುತಿಟ್ಟಿನ ಯಕ್ಷಗಾನ ಮೇಳವೊಂದರ ಬಗ್ಗೆ ಮಾಡಿದ 28 ನಿಮಿಷಗಳ ಸಾಕ್ಷ್ಯಚಿತ್ರವನ್ನು ಮೊದಲ ಬಾರಿಗೆ ಹೊರಗೆ ಮಿಶ್ರಣಕ್ಕೆ ಕಳಿಸಿದಾಗ, ಜೊತೆಗಿಟ್ಟ ಕಾಗದದಲ್ಲಿ ಫ್ರೇಮ್ ವೇಗ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) 24 ಎಂದು ಬರೆದಿದ್ದೆ. ನನ್ನ ಟೈಮ್‌ಲೈನಿನ ವೇಗ ನಿಜವಾಗಿ 23.976 ಆಗಿತ್ತು. ಸ್ಟುಡಿಯೋದವರು ನನ್ನ ಮಾತನ್ನು ನಂಬಿ 24ರಲ್ಲೇ ಕೆಲಸ ಮಾಡಿ ಮಿಶ್ರಣವನ್ನು ಮರಳಿಸಿದರು. ಅದನ್ನು ನನ್ನ ಚಿತ್ರದ ಕೆಳಗೆ ಇಟ್ಟಾಗ ಮೊದಲ ಎರಡು ನಿಮಿಷ ಎಲ್ಲ ಸರಿಯಾಗಿಯೇ ಇತ್ತು. ಕೊನೆಯ ಪ್ರಸಂಗದ ಹೊತ್ತಿಗೆ ಚಂಡೆಯ ಕೋಲು ಇನ್ನೂ ಮೇಲೆತ್ತಿದ ಕೈಯಲ್ಲಿರುವಾಗಲೇ ಪೆಟ್ಟಿನ ಸದ್ದು ಕೇಳಿ ಮುಗಿಯುತ್ತಿತ್ತು. ಈ ಎರಡು ವೇಗಗಳ ನಡುವಿನ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು. 28 ನಿಮಿಷಗಳಲ್ಲಿ ಅದು ಸುಮಾರು 1.7 ಸೆಕೆಂಡ್, ಒಂದು ಗಂಟೆಯಲ್ಲಿ 3.6 ಸೆಕೆಂಡ್. ಒಂದು ಅಂಕಿಯನ್ನು ತಪ್ಪಾಗಿ ಬರೆದದ್ದಕ್ಕೆ ಎರಡು ದಿನದ ಮಿಶ್ರಣವನ್ನು ಮತ್ತೆ ಮಾಡಿಸಬೇಕಾಯಿತು.

ಸ್ಟುಡಿಯೋದಲ್ಲಿ ಕೂತ ಎಂಜಿನಿಯರ್ ನಿಮ್ಮ ಚಿತ್ರೀಕರಣಕ್ಕೆ ಬಂದವರಲ್ಲ, ನಿಮ್ಮ ಊರಿನ ಮಾತು ಬಲ್ಲವರೂ ಆಗಿರಬೇಕಿಲ್ಲ. ಅವರಿಗೆ ಗೊತ್ತಾಗುವುದು ಪೆಟ್ಟಿಗೆಯಲ್ಲಿ ನೀವು ಇಟ್ಟುಕೊಟ್ಟದ್ದು ಮಾತ್ರ. ಕೆಳಗಿನ ಎಲ್ಲ ಹಂತಗಳನ್ನೂ ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಕೆಲಸಕ್ಕೆ ಮೊದಲು ಕೇಳಬೇಕಾದದ್ದು

ಯಾವ ಫೈಲನ್ನೂ ಮುಟ್ಟುವ ಮೊದಲು ಸ್ಟುಡಿಯೋಗೆ ಫೋನ್ ಮಾಡಿ. ಟೈಮ್‌ಲೈನನ್ನು ಬೇರೆ ಸಾಫ್ಟ್‌ವೇರಿಗೆ ಸಾಗಿಸುವ ಫೈಲಿನ ಎರಡು ಬಗೆಗಳಲ್ಲಿ ಅವರಿಗೆ ಎಎಎಫ್ ಬೇಕೋ ಓಎಂಎಫ್ ಬೇಕೋ, ಕತ್ತರಿಸಿದ ತುಣುಕುಗಳ ಎರಡೂ ತುದಿಯಲ್ಲಿ ಎಷ್ಟು ಹೆಚ್ಚುವರಿ ಧ್ವನಿ ಬೇಕು, ಅವರು ನೋಡಿಕೊಂಡು ಕೆಲಸ ಮಾಡುವ ಉಲ್ಲೇಖದ ವಿಡಿಯೋ ಯಾವ ಕೋಡೆಕ್ಕಿನಲ್ಲಿ (ವಿಡಿಯೋವನ್ನು ಅಡಕಗೊಳಿಸುವ ವಿಧಾನದಲ್ಲಿ) ಇರಬೇಕು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಚಿತ್ರ ಕೊನೆಗೆ ಎಲ್ಲಿ ಪ್ರದರ್ಶನಗೊಳ್ಳುತ್ತದೆ ಎಂಬುದನ್ನು ನೀವು ಅವರಿಗೆ ಹೇಳಿ. ಧ್ವನಿ ಒಟ್ಟಾರೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದನ್ನು ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಯೂಟ್ಯೂಬ್ ಸುಮಾರು -14 ಎಲ್‌ಯುಎಫ್‌ಎಸ್ ಮಟ್ಟಕ್ಕಿಂತ ಜೋರಾಗಿರುವ ಧ್ವನಿಯನ್ನು ತಾನೇ ತಗ್ಗಿಸುತ್ತದೆ. ಯುರೋಪಿನ ಪ್ರಸಾರದ ಮಾನದಂಡವಾದ ಇಬಿಯು ಆರ್128 ಕೇಳುವುದು -23. ನೆಟ್‌ಫ್ಲಿಕ್ಸ್ ಮಾತಿನ ಮಟ್ಟವನ್ನು ಅಳೆದು -27 ಕೇಳುತ್ತದೆ. ಚಿತ್ರಮಂದಿರದ ಮಿಶ್ರಣಕ್ಕೆ ಇಂಥ ಅಂಕಿಗಿಂತ ಕೋಣೆಯ ಸ್ಪೀಕರುಗಳನ್ನು ನಿಗದಿತ ಧ್ವನಿ ಒತ್ತಡಕ್ಕೆ ಹೊಂದಿಸಿ ಕೇಳುವುದೇ ಮುಖ್ಯ. ಚಿತ್ರೋತ್ಸವದ ತೆರೆಗೂ ಮೊಬೈಲಿನ ಪರದೆಗೂ ಒಂದೇ ಮಿಶ್ರಣ ಸಾಕೆಂದುಕೊಂಡರೆ ಎರಡೂ ಕಡೆ ಕೊರತೆ ಎದ್ದು ಕಾಣುತ್ತದೆ. ಸ್ಟೀರಿಯೋ ಸಾಕೋ ಸುತ್ತಲಿನ ಸ್ಪೀಕರುಗಳಿಂದ ಕೇಳುವ 5.1 ಬೇಕೋ ಎಂಬುದೂ ಇಲ್ಲಿಯೇ ತೀರ್ಮಾನವಾಗಬೇಕು. ದರ ಅದರ ಮೇಲೆ ಬದಲಾಗುತ್ತದೆ.

ಚಿತ್ರವನ್ನು ಲಾಕ್ ಮಾಡುವುದು

ಲಾಕ್ ಎಂದರೆ ಇನ್ನು ಮುಂದೆ ಒಂದು ಫ್ರೇಮ್ ಕೂಡ ಆಚೀಚೆ ಆಗುವುದಿಲ್ಲ ಎಂಬ ಒಪ್ಪಂದ. ನಿರ್ದೇಶಕ, ನಿರ್ಮಾಪಕ, ಸಂಕಲನಕಾರ ಒಟ್ಟಿಗೆ ಕೂತು ಆರಂಭದಿಂದ ಕೊನೆಯ ಹೆಸರಿನ ಪಟ್ಟಿಯವರೆಗೆ ನೋಡಿ ಒಪ್ಪಿದ ಮೇಲೆಯೇ ಈ ಮಾತನ್ನು ಆಡಬೇಕು. ಬಣ್ಣದ ತಿದ್ದುಪಡಿ, ಶೀರ್ಷಿಕೆಯ ಅಕ್ಷರ, ಉಪಶೀರ್ಷಿಕೆಗಳು ಆಮೇಲೂ ಬದಲಾಗಬಹುದು, ಏಕೆಂದರೆ ಅವು ಅವಧಿಯನ್ನು ಮುಟ್ಟುವುದಿಲ್ಲ. ಬದಲಿಸಬೇಕಾದ ದೃಶ್ಯವೊಂದು ಇನ್ನೂ ಬರಬೇಕಿದ್ದರೆ ಆ ಜಾಗದಲ್ಲಿ ಅಷ್ಟೇ ಉದ್ದದ ಕಪ್ಪು ತುಣುಕನ್ನು ಇಟ್ಟು, ಅದರ ಮೇಲೆ ಏನು ಬರಲಿದೆಯೆಂದು ಬರೆದು ಲಾಕ್ ಮಾಡಬಹುದು.

ಲಾಕ್ ಆದ ಟೈಮ್‌ಲೈನನ್ನು ಹಾಗೆಯೇ ಬಿಟ್ಟು, ಅದರ ಪ್ರತಿಯೊಂದನ್ನು ಮಾಡಿಕೊಂಡು, ಮುಂದಿನ ಎಲ್ಲ ಕೆಲಸವನ್ನೂ ಆ ಪ್ರತಿಯಲ್ಲೇ ಮಾಡಿ. ಪ್ರತಿಯ ಹೆಸರಿನಲ್ಲಿ ದಿನಾಂಕ ಮತ್ತು ಆವೃತ್ತಿಯ ಸಂಖ್ಯೆ ಇರಲಿ. ಕೊನೆಯದು, ನಿಜವಾದ ಕೊನೆಯದು ಎಂಬಂಥ ಹೆಸರುಗಳಿಂದ ಮೂರು ವಾರದ ಮೇಲೆ ನಿಮಗೇ ಏನೂ ತಿಳಿಯುವುದಿಲ್ಲ.

ವೇಗ ಮತ್ತು ಮಾದರಿ ದರ

ನನ್ನ ಅನುಭವದಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಈ ಭಾಗ. ಸಂಕಲನದ ಸಾಫ್ಟ್‌ವೇರಿನಲ್ಲಿ ಟೈಮ್‌ಲೈನಿನ ಸೆಟ್ಟಿಂಗ್ ತೆರೆದು, ಅಲ್ಲಿ ಕಾಣುವ ಸಂಖ್ಯೆಯನ್ನು ದಶಮಾಂಶದ ಸಮೇತ ಬರೆದುಕೊಳ್ಳಿ. 23.976, 24, 25, 29.97, 30 ಇವೆಲ್ಲ ಬೇರೆ ಬೇರೆ. ನಮ್ಮ ದೂರದರ್ಶನದ ಪದ್ಧತಿ 25, ಚಿತ್ರಮಂದಿರದ್ದು 24. ಆದರೆ ಹಲವು ಕ್ಯಾಮೆರಾಗಳು 24 ಎಂದು ತೋರಿಸಿ 23.976ರಲ್ಲೇ ಚಿತ್ರೀಕರಿಸುತ್ತವೆ. ಕ್ಯಾಮೆರಾದ ಪರದೆಯನ್ನು ನಂಬದೆ, ಕಂಪ್ಯೂಟರಿಗೆ ಹಾಕಿದ ಫೈಲಿನ ಮಾಹಿತಿಯನ್ನೇ ನೋಡಬೇಕು.

ಮೊಬೈಲಿನಲ್ಲಿ ತೆಗೆದ ದೃಶ್ಯಗಳದ್ದು ಬೇರೆಯೇ ತೊಂದರೆ. ಬೈತಖೋಲದ ಬಂದರಿನಲ್ಲಿ ದೋಣಿಯ ಮೇಲೆ ನಿಂತು ಫೋನಿನಲ್ಲಿ ತೆಗೆದ ದೃಶ್ಯದ ವೇಗ ಬೆಳಕಿಗೆ ತಕ್ಕಂತೆ ಕ್ಷಣಕ್ಷಣಕ್ಕೆ ಏರಿಳಿಯುತ್ತಿರುತ್ತದೆ. ಅಂಥ ಫೈಲನ್ನು ಹಾಗೆಯೇ ಟೈಮ್‌ಲೈನಿಗೆ ಹಾಕಿದರೆ ತುಟಿಗೂ ಮಾತಿಗೂ ಕ್ರಮೇಣ ಅಂತರ ಬೀಳುತ್ತದೆ. ಸಂಕಲನ ಶುರು ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್ ಅಥವಾ ಷಟರ್ ಎನ್‌ಕೋಡರ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಅದನ್ನು ಸ್ಥಿರ ವೇಗಕ್ಕೆ ತಂದುಕೊಳ್ಳಿ. ಲಾಕ್ ಆದ ಮೇಲೆ ಇದನ್ನು ಸರಿಪಡಿಸುವುದು ಕಷ್ಟದ ಕೆಲಸ.

ಧ್ವನಿಯ ಮಾದರಿ ದರ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ದಾಖಲಿಸುತ್ತಾರೆ ಎಂಬುದು) 48 ಕಿಲೋಹರ್ಟ್ಸ್, ಆಳ 24 ಬಿಟ್. ಚಿತ್ರದ ಕೆಲಸಕ್ಕೆ ಇದೇ ರೂಢಿ. ಸಿಡಿಯಿಂದ ಅಥವಾ ಹಳೆಯ ಸಂಗ್ರಹದಿಂದ ತೆಗೆದ ಹಾಡು 44.1ರಲ್ಲಿ ಇರುತ್ತದೆ. ಅದನ್ನು ಪರಿವರ್ತಿಸದೆ 48 ಎಂದು ಓದಿಸಿದರೆ ಹಾಡು ಶೇಕಡಾ 9ರ ಹತ್ತಿರ ವೇಗವಾಗಿ, ಶ್ರುತಿ ಹಾರ್ಮೋನಿಯಂನ ಸುಮಾರು ಒಂದೂವರೆ ಮನೆ ಮೇಲೇರುತ್ತದೆ. ಪಾಪ್ ಹಾಡಿನಲ್ಲಿ ಇದು ಯಾರಿಗೂ ತಿಳಿಯದೆ ಹೋದೀತು. ಆದರೆ ಅದು ಯಕ್ಷಗಾನದ ಹಾಡಾದರೆ, ಭಾಗವತರ ಪದ್ಯವನ್ನು ವರ್ಷಗಟ್ಟಲೆ ಕೇಳಿದ ಶಿರಸಿಯ ಪ್ರೇಕ್ಷಕ ಮೊದಲ ಸಾಲಿಗೇ ತಲೆ ಎತ್ತುತ್ತಾನೆ.

ಟೈಮ್‌ಲೈನನ್ನು ಹಸನು ಮಾಡುವುದು

ಈಗ ಪ್ರತಿಯಲ್ಲಿ ಸ್ವಚ್ಛತೆಯ ಕೆಲಸ. ಬಳಸದೆ ಉಳಿದ ತುಣುಕುಗಳು, ಮ್ಯೂಟ್ ಮಾಡಿಟ್ಟ ಹಳೆಯ ಪ್ರಯತ್ನಗಳು, ಟೈಮ್‌ಲೈನಿನ ಕೊನೆಯಲ್ಲಿ ಬೇಕಾದೀತೆಂದು ಬಿಟ್ಟ ಚೂರುಗಳು ಎಲ್ಲವನ್ನೂ ತೆಗೆದುಹಾಕಿ. ಒಂದರೊಳಗೊಂದು ಅಡಗಿಸಿಟ್ಟ ಟೈಮ್‌ಲೈನುಗಳನ್ನು ಬಿಡಿಸಿ ಮೂಲ ತುಣುಕುಗಳಾಗಿ ಹರಡಿ. ಹಲವು ಕ್ಯಾಮೆರಾಗಳ ಜೋಡಣೆಯನ್ನು ಫ್ಲ್ಯಾಟನ್ ಮಾಡಿ, ಅಂದರೆ ಆರಿಸಿದ ತುಣುಕು ಮಾತ್ರ ಉಳಿಯುವಂತೆ ಮಾಡಿ. ಇವು ಹಾಗೆಯೇ ಉಳಿದರೆ ಎಎಎಫ್ ಒಳಗೆ ಒಂದೋ ಬರುವುದೇ ಇಲ್ಲ, ಇಲ್ಲವೇ ಒಳಗಿನ ಟ್ರ್ಯಾಕುಗಳೆಲ್ಲ ಕಲಸಿ ಒಂದೇ ಮುದ್ದೆಯಾಗಿ ಬರುತ್ತವೆ.

ಬಳಿಕ ಟ್ರ್ಯಾಕುಗಳನ್ನು ಜಾತಿವಾರು ವಿಂಗಡಿಸಬೇಕು. ಮೇಲಿನ ಟ್ರ್ಯಾಕುಗಳಲ್ಲಿ ಮಾತು, ಅದರ ಕೆಳಗೆ ನಿರೂಪಣೆ, ಆಮೇಲೆ ಸ್ಥಳದಲ್ಲಿ ಸಿಕ್ಕ ಸದ್ದುಗಳು, ಹಿನ್ನೆಲೆಯ ವಾತಾವರಣ, ಕೊನೆಗೆ ಸಂಗೀತ. ಮಾತಿನಲ್ಲೂ ಒಬ್ಬೊಬ್ಬರಿಗೆ ಒಂದು ಟ್ರ್ಯಾಕ್ ಕೊಟ್ಟರೆ ಉತ್ತಮ. ಅದಕ್ಕಿಂತ ಮುಖ್ಯವಾಗಿ ಅಂಗಿಗೆ ಸಿಕ್ಕಿಸಿದ ಲ್ಯಾಪಲ್ ಮೈಕಿನ ಧ್ವನಿ ಮತ್ತು ಮೇಲಿಂದ ಹಿಡಿದ ಬೂಮಿನ ಧ್ವನಿ ಒಂದೇ ಟ್ರ್ಯಾಕಿನಲ್ಲಿ ಬೆರೆಯಬಾರದು. ಮೋನೋ ತುಣುಕುಗಳು ಮೋನೋ ಟ್ರ್ಯಾಕಿನಲ್ಲಿ, ಸ್ಟೀರಿಯೋ ತುಣುಕುಗಳು ಸ್ಟೀರಿಯೋ ಟ್ರ್ಯಾಕಿನಲ್ಲಿ ಇರಲಿ. ಪ್ರತಿ ಟ್ರ್ಯಾಕಿಗೂ ಹೆಸರು ಬರೆಯಿರಿ.

ಸಂಕಲನದ ಹೊತ್ತಿಗೆ ನೀವು ಬೂಮನ್ನು ಇಟ್ಟುಕೊಂಡು ಲ್ಯಾಪಲನ್ನು ಅಳಿಸಿರಬಹುದು. ದಯವಿಟ್ಟು ಅದನ್ನು ಮರಳಿ ತಂದು ಬೇರೆ ಟ್ರ್ಯಾಕಿನಲ್ಲಿ, ಪರ್ಯಾಯ ಎಂಬ ಹೆಸರಿನಲ್ಲಿ ಇಡಿ. ಅಂಕೋಲೆಯ ಕಡೆ ಹಾಲಕ್ಕಿ ಹೆಂಗಸರ ಹಾಡನ್ನು ಧ್ವನಿಮುದ್ರಿಸಿದವರಿಗೆ ಇದರ ಬೆಲೆ ಗೊತ್ತು: ಕೊರಳಿನ ತುಂಬ ತೊಟ್ಟ ಮಣಿಸರಗಳು ಪ್ರತಿ ಉಸಿರಿಗೂ ಲ್ಯಾಪಲಿಗೆ ತಾಗಿ ಸದ್ದು ಮಾಡುತ್ತವೆ. ನೀವು ಬೂಮನ್ನೇ ಆರಿಸಿದ್ದು ಸರಿ, ಆದರೆ ಗಾಳಿ ಬೀಸಿ ಬೂಮಿನಲ್ಲಿ ಒಂದು ಪದ ಮುಳುಗಿದಾಗ ಆ ಒಂದು ಪದವನ್ನು ಎಂಜಿನಿಯರ್ ಲ್ಯಾಪಲಿನಿಂದ ಎತ್ತಿಕೊಳ್ಳಬಲ್ಲರು. ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ತಂದುಕೊಟ್ಟ ಆ ಹಾಡಿನ ಪರಂಪರೆಯಲ್ಲಿ ಒಂದು ಪದ ನುಂಗಿಹೋದರೆ, ಅದನ್ನು ಮತ್ತೆ ಹಾಡಿಸಿಕೊಂಡು ಬರುವ ಅವಕಾಶ ಎಲ್ಲ ಸಲವೂ ಸಿಗುವುದಿಲ್ಲ.

ಎಫೆಕ್ಟ್‌ಗಳನ್ನು ತೆಗೆಯುವುದು

ಸಂಕಲನದಲ್ಲಿ ಹಾಕಿದ ಈಕ್ಯೂ, ಕಂಪ್ರೆಸರ್, ರಿವರ್ಬ್ ಯಾವುದೂ ಎಎಎಫ್ ಮೂಲಕ ಬೇರೆ ಸಾಫ್ಟ್‌ವೇರಿಗೆ ಸಾಗುವುದಿಲ್ಲ. ಧ್ವನಿಯ ಏರಿಳಿತದ ಗೆರೆಗಳು ಮತ್ತು ಫೇಡುಗಳು ಸಾಮಾನ್ಯವಾಗಿ ಸಾಗುತ್ತವೆ. ಅವು ಇರಲಿ, ನಿಮ್ಮ ಉದ್ದೇಶ ಅವುಗಳಿಂದ ತಿಳಿಯುತ್ತದೆ. ಫೋನಿನಲ್ಲಿ ಕೇಳುವ ಧ್ವನಿ, ಹಿಂದುಮುಂದಾಗಿಸಿದ ಸದ್ದು, ವೇಗ ಬದಲಿಸಿದ ತುಣುಕು ಹೀಗೆ ಕಥೆಗೇ ಬೇಕಾದ ಎಫೆಕ್ಟ್ ಇದ್ದರೆ, ಎಫೆಕ್ಟ್ ಸಹಿತ ಒಂದು ಫೈಲನ್ನು ರೆಂಡರ್ ಮಾಡಿ, ಅದರ ಕೆಳಗಿನ ಟ್ರ್ಯಾಕಿನಲ್ಲೇ ಮೂಲ ಧ್ವನಿಯನ್ನೂ ಇಡಿ. ಪ್ರೀಮಿಯರ್ ಪ್ರೊದಲ್ಲಿ ಎಎಎಫ್ ತೆಗೆಯುವಾಗ ಇವೆರಡನ್ನೂ ಒಟ್ಟಿಗೆ ಕೊಡುವ ಆಯ್ಕೆಯೇ ಇದೆ.

ಸದ್ದು ಅಳಿಸುವ ಸಾಫ್ಟ್‌ವೇರಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮಿಶ್ರಣಕ್ಕೆ ಕಳಿಸುವ ಧ್ವನಿಯನ್ನು ಮನೆಯಲ್ಲೇ ಶುದ್ಧ ಮಾಡಿ ಕಳಿಸುವುದು ಸೌಜನ್ಯವೆಂದು ಹಲವರು ಭಾವಿಸುತ್ತಾರೆ. ಆ ಸಾಫ್ಟ್‌ವೇರ್ ಒಂದೇ ಸಮನೆ ಇರುವ ಸದ್ದನ್ನೆಲ್ಲ ಗದ್ದಲವೆಂದು ಎಣಿಸುತ್ತದೆ. ಮಳೆಗಾಲದ ಜೀರುಂಡೆ, ಫ್ಯಾನಿನ ಸದ್ದಿನ ಜೊತೆಗೆ ಭಾಗವತರ ಹಿಂದೆ ನಿರಂತರವಾಗಿ ಮಿಡಿಯುವ ಶ್ರುತಿಪೆಟ್ಟಿಗೆಯೂ ಅದಕ್ಕೆ ಗದ್ದಲವೇ. ಶ್ರುತಿಯನ್ನು ಕಿತ್ತುಕೊಂಡಾಗ ಅದಕ್ಕೆ ಅಂಟಿಕೊಂಡ ಕಂಠದ ಎಳೆಗಳೂ ಜೊತೆಗೇ ಹೋಗುತ್ತವೆ, ಉಳಿದ ಧ್ವನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಒಮ್ಮೆ ಹೀಗೆ ಕೆಟ್ಟ ಫೈಲನ್ನು ಯಾವ ಸ್ಟುಡಿಯೋದಲ್ಲೂ ಸರಿಪಡಿಸಲು ಆಗುವುದಿಲ್ಲ. ಮೂಲವನ್ನು ಇದ್ದ ಹಾಗೆಯೇ ಕಳಿಸಿ. ಅಳಿಸುವ ಕೆಲಸಕ್ಕೆ ಅವರ ಬಳಿ ಒಳ್ಳೆಯ ಸಾಧನಗಳೂ ಒಳ್ಳೆಯ ಕಿವಿಯೂ ಇವೆ.

ಎಎಎಫ್ ತೆಗೆಯುವುದು

ಎಎಎಫ್ ಮತ್ತು ಓಎಂಎಫ್ ಎರಡೂ ಟೈಮ್‌ಲೈನಿನ ನಕ್ಷೆಯನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಸಾಗಿಸುವ ವಾಹನಗಳು. ಓಎಂಎಫ್ ಹಳೆಯದು, ಅದರ ಫೈಲ್ 2 ಗಿಗಾಬೈಟನ್ನು ಮೀರುವಂತಿಲ್ಲ. 48 ಕಿಲೋಹರ್ಟ್ಸ್, 24 ಬಿಟ್ಟಿನ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ 8.64 ಮೆಗಾಬೈಟ್ ಬೇಡುತ್ತದೆ. ಹತ್ತು ಟ್ರ್ಯಾಕುಗಳ ಅರ್ಧ ಗಂಟೆಯ ಚಿತ್ರ ಸುಲಭವಾಗಿ ಆ ಮಿತಿಯನ್ನು ದಾಟುತ್ತದೆ. ಸ್ಟುಡಿಯೋ ಬೇರೆ ಕೇಳದ ಹೊರತು ಎಎಎಫ್ ಆಯ್ದುಕೊಳ್ಳಿ.

ಪ್ರೀಮಿಯರ್ ಪ್ರೊದಲ್ಲಿ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಅಡಿಯಲ್ಲಿ ಎಎಎಫ್ ಸಿಗುತ್ತದೆ. ಮಾದರಿ ದರ 48000, ಬಿಟ್ 24, ಸ್ವರೂಪ ಬ್ರಾಡ್‌ಕಾಸ್ಟ್ ವೇವ್ ಎಂದು ಆರಿಸಿ. ಧ್ವನಿಯನ್ನು ಎಎಎಫ್ ಒಳಗೇ ಸೇರಿಸುವುದೋ ಬೇರೆ ಫೈಲುಗಳಾಗಿ ಇಡುವುದೋ ಎಂಬುದನ್ನು ಸ್ಟುಡಿಯೋ ಹೇಳಿದಂತೆ ಮಾಡಿ. ಡಾವಿಂಚಿ ರಿಸಾಲ್ವ್‌ನಲ್ಲಿ ಡೆಲಿವರ್ ಪುಟದ ಸಿದ್ಧ ಆಯ್ಕೆಗಳಲ್ಲಿ ಪ್ರೊ ಟೂಲ್ಸ್ ಎಂಬುದನ್ನು ಒತ್ತಿದರೆ ಧ್ವನಿಯ ತುಣುಕುಗಳು, ಎಎಎಫ್ ಮತ್ತು ಉಲ್ಲೇಖದ ವಿಡಿಯೋ ಒಟ್ಟಿಗೆ ಬರುತ್ತವೆ. ಫೈನಲ್ ಕಟ್ ಪ್ರೊ ನೇರವಾಗಿ ಎಎಎಫ್ ಕೊಡುವುದಿಲ್ಲ. ಅದರ ಎಕ್ಸ್‌ಎಂಎಲ್ ತೆಗೆದು ಎಕ್ಸ್‌2ಪ್ರೊ ಎಂಬ ಪ್ರತ್ಯೇಕ ಸಾಫ್ಟ್‌ವೇರಿನಲ್ಲಿ ಪರಿವರ್ತಿಸಬೇಕು. ಫೈನಲ್ ಕಟ್‌ನಲ್ಲಿ ಟ್ರ್ಯಾಕುಗಳ ಬದಲು ರೋಲ್‌ಗಳು, ಅಂದರೆ ತುಣುಕಿನ ಬಗೆ ಹೇಳುವ ಗುರುತುಗಳು ಇರುವುದರಿಂದ, ಪ್ರತಿ ತುಣುಕಿಗೂ ಸರಿಯಾದ ರೋಲ್ ಕೊಟ್ಟಿದ್ದೀರಾ ಎಂದು ಮೊದಲೇ ನೋಡಿಕೊಳ್ಳಿ.

ತುಣುಕುಗಳ ತುದಿಯಲ್ಲಿ ಉಳಿಸುವ ಹೆಚ್ಚುವರಿ ಧ್ವನಿಗೆ ಹ್ಯಾಂಡಲ್ ಎನ್ನುತ್ತಾರೆ. ಎರಡು ಸೆಕೆಂಡ್ ಕನಿಷ್ಠ, ಐದರಿಂದ ಹತ್ತು ಸೆಕೆಂಡ್ ಇದ್ದರೆ ಒಳ್ಳೆಯದು; ಪ್ರೀಮಿಯರ್‌ನಲ್ಲಿ ಅದನ್ನು ಫ್ರೇಮುಗಳಲ್ಲಿ ಬರೆಯಬೇಕು, 25ರ ವೇಗದಲ್ಲಿ ಹತ್ತು ಸೆಕೆಂಡ್ ಎಂದರೆ 250. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಕೂರಿಸಿ ಮಾಡಿದ ಸಂದರ್ಶನವನ್ನು ನೆನೆದುಕೊಳ್ಳಿ. ಮಾತನ್ನು ನೀವು ಎಲ್ಲೆಲ್ಲಿ ಕತ್ತರಿಸಿದ್ದೀರೋ ಅಲ್ಲೆಲ್ಲ ಹಿಂದಿನ ಅಲೆಯೂ ಕತ್ತರಿಸಿದೆ. ಏರುತ್ತಿದ್ದ ಅಲೆ ಪಕ್ಕನೆ ನಿಂತು, ಇಳಿಯುತ್ತಿರುವ ಬೇರೊಂದು ಅಲೆ ಕೇಳುತ್ತದೆ. ಆ ಎರಡು ಅಲೆಗಳನ್ನು ಒಂದರ ಮೇಲೊಂದು ಹಾಯಿಸಿ ಬೆಸೆಯಲು ಎಂಜಿನಿಯರಿಗೆ ಬೇಕಾಗುವುದು ಈ ಹ್ಯಾಂಡಲ್. ಡಿಸ್ಕಿನಲ್ಲಿ ಜಾಗವಿದ್ದರೆ ಕತ್ತರಿಸದ ಪೂರ್ಣ ಧ್ವನಿ ಫೈಲುಗಳನ್ನೇ ಕೊಡುವುದು ಇನ್ನೂ ಮೇಲು.

ಉಲ್ಲೇಖದ ವಿಡಿಯೋ

ಎಂಜಿನಿಯರ್ ನೋಡಿಕೊಂಡು ಕೆಲಸ ಮಾಡುವ ವಿಡಿಯೋ ಲಾಕ್ ಆದ ಆವೃತ್ತಿಯದ್ದೇ ಆಗಿರಬೇಕು, ಟೈಮ್‌ಲೈನಿನ ವೇಗದಲ್ಲೇ ಇರಬೇಕು. 1280 ಅಗಲ 720 ಎತ್ತರ ಸಾಕು. ಪ್ರೋರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಡಿಯಂಥ ಕೋಡೆಕ್ಕಿನಲ್ಲಿ ಪ್ರತಿ ಫ್ರೇಮೂ ಸ್ವತಂತ್ರವಾಗಿ ಇರುವುದರಿಂದ ಹಿಂದೆ ಮುಂದೆ ಓಡಿಸುವಾಗ ಕಂಪ್ಯೂಟರ್ ತಡವರಿಸುವುದಿಲ್ಲ. ಗಾತ್ರ ಚಿಕ್ಕದಾಗಬೇಕೆಂದರೆ ಎಚ್.264 ಕೂಡ ನಡೆಯುತ್ತದೆ. ಚಿತ್ರದ ಮೂಲೆಯಲ್ಲಿ ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮುಗಳ ಲೆಕ್ಕ) ಕಾಣುವಂತೆ ಅಚ್ಚೊತ್ತಿರಿ. ಉಪಶೀರ್ಷಿಕೆ ಅಥವಾ ಮಾತನಾಡುವವರ ತುಟಿಯ ಮೇಲೆ ಅದು ಬೀಳದಿರಲಿ.

ಚಿತ್ರದ ಮೊದಲ ಫ್ರೇಮ್ 01:00:00:00ಕ್ಕೆ ಬರುವಂತೆ ಟೈಮ್‌ಲೈನ್ ಹೊಂದಿಸಿ. ಅದಕ್ಕೆ ಸರಿಯಾಗಿ ಎರಡು ಸೆಕೆಂಡ್ ಮೊದಲು, ಅಂದರೆ 00:59:58:00ಕ್ಕೆ, ಒಂದೇ ಫ್ರೇಮ್ ಉದ್ದದ ಬಿಳಿ ಮಿಂಚು ಮತ್ತು ಅಷ್ಟೇ ಉದ್ದದ 1000 ಹರ್ಟ್ಸಿನ ಸ್ವರ ಇರಲಿ. ಇದಕ್ಕೆ ಟೂ-ಪಾಪ್ ಎನ್ನುತ್ತಾರೆ. ಕೊನೆಯ ಫ್ರೇಮಿನ ಎರಡು ಸೆಕೆಂಡ್ ಬಳಿಕ ಇನ್ನೊಂದು ಪಾಪ್ ಇಡಿ. ತಲೆಯ ಪಾಪ್ ಸರಿಹೊಂದಿ ಬಾಲದ ಪಾಪ್ ಹೊಂದದಿದ್ದರೆ ವೇಗದಲ್ಲಿ ತಪ್ಪಿದೆಯೆಂದು ಅರ್ಥ. ನನ್ನ ಯಕ್ಷಗಾನದ ಚಿತ್ರದಲ್ಲಿ ಬಾಲದ ಪಾಪ್ ಇದ್ದಿದ್ದರೆ ಮೊದಲ ಐದು ನಿಮಿಷದಲ್ಲೇ ಸ್ಟುಡಿಯೋದವರಿಗೆ ವಿಷಯ ತಿಳಿದುಬಿಡುತ್ತಿತ್ತು. ಈ ವಿಡಿಯೋದಲ್ಲಿ ನಿಮ್ಮ ಕಚ್ಚಾ ಮಿಶ್ರಣದ ಧ್ವನಿಯೂ ಇರಬೇಕು. ಎಡಕ್ಕೆ ಮಾತು, ಬಲಕ್ಕೆ ಸಂಗೀತ ಮತ್ತು ಇತರ ಸದ್ದು ಎಂದು ಬಿಡಿಸಿ ಕೊಟ್ಟರೆ ಇನ್ನೂ ಉಪಯುಕ್ತ. ಪೂರ್ಣಾವಧಿಯ ಚಿತ್ರವನ್ನು ಸುಮಾರು 20 ನಿಮಿಷಗಳ ರೀಲುಗಳಾಗಿ ಒಡೆದು, ಎರಡನೆಯ ರೀಲನ್ನು 02:00:00:00ರಿಂದ, ಮೂರನೆಯದನ್ನು 03:00:00:00ರಿಂದ ಶುರು ಮಾಡುವ ರೂಢಿಯಿದೆ.

ಮೂಲ ಧ್ವನಿಮುದ್ರಣ ಮತ್ತು ಕೋಣೆಯ ಮೌನ

ಕ್ಯಾಮೆರಾದ ಧ್ವನಿಯಲ್ಲದೆ ಪ್ರತ್ಯೇಕ ರೆಕಾರ್ಡರ್ ಬಳಸಿದ್ದರೆ, ಅದರ ಎಲ್ಲ ಫೈಲುಗಳನ್ನೂ ದಿನದ ಪ್ರಕಾರ ಫೋಲ್ಡರ್ ಮಾಡಿ ಕಳಿಸಿ. ಹೆಸರು ಬದಲಿಸಬೇಡಿ; ಮೂಲ ಹೆಸರು ಮತ್ತು ಒಳಗಿನ ಟೈಮ್‌ಕೋಡಿನ ಆಧಾರದಲ್ಲೇ ಎಂಜಿನಿಯರ್ ಬೇಕಾದ ಟೇಕನ್ನು ಹುಡುಕುತ್ತಾರೆ.

ಚಿತ್ರೀಕರಣದ ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಮುದ್ರಿಸಿಕೊಂಡ ಆ ಜಾಗದ ಮೌನ ಬಹಳ ಬೆಲೆಯುಳ್ಳದ್ದು. ಹಳೆಯ ಹೆಂಚಿನ ಮನೆಯ ಜಗುಲಿಯ ಮೌನದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದು ದೂರದಿಂದ ಬರುತ್ತಿರುತ್ತದೆ, ಮಳೆ ನಿಂತ ಮೇಲೂ ಸೂರಿನಿಂದ ಹನಿ ಬೀಳುತ್ತಿರುತ್ತದೆ, ಒಳಗೆಲ್ಲೋ ಗೋಡೆ ಗಡಿಯಾರ ನಡೆಯುತ್ತಿರುತ್ತದೆ. ಮಾತಿನ ನಡುವೆ ಕೆಮ್ಮನ್ನು ತೆಗೆದಾಗ ಉಳಿಯುವ ರಂಧ್ರವನ್ನು ಇದೇ ಮೌನದಿಂದ ಮುಚ್ಚಬೇಕು. ಬೆಂಗಳೂರಿನ ಸ್ಟುಡಿಯೋದ ಸಂಗ್ರಹದಲ್ಲಿ ನಿಮ್ಮ ಜಗುಲಿ ಇರುವುದಿಲ್ಲ. ಸಮುದ್ರದ ಬದಿಯಲ್ಲಾದರೆ ಒಂದು ನಿಮಿಷ ಸಾಲದು. ಅಲೆಗಳು ಹೆಚ್ಚು ಕಾಲ ತೆಗೆದುಕೊಂಡು ಬಂದು ಹೋಗುವುದರಿಂದ ಚಿಕ್ಕ ತುಣುಕನ್ನು ಮತ್ತೆ ಮತ್ತೆ ಹಾಕಿದರೆ ಅದೇ ಅಲೆ ತಿರುಗಿ ಬಂದದ್ದು ಕಿವಿಗೆ ತಿಳಿದುಬಿಡುತ್ತದೆ. ಮೂರು ನಾಲ್ಕು ನಿಮಿಷ ಬೇಕು.

ಬರೆದು ಕೊಡಬೇಕಾದದ್ದು

ಒಂದು ಪುಟದಲ್ಲಿ ತಾಂತ್ರಿಕ ವಿವರ: ಚಿತ್ರದ ಹೆಸರು, ಆವೃತ್ತಿ, ಅವಧಿ, ಫ್ರೇಮ್ ವೇಗ, ಮಾದರಿ ದರ, ಬಳಸಿದ ಸಾಫ್ಟ್‌ವೇರ್, ಅಂತಿಮವಾಗಿ ಬೇಕಾದ ಫೈಲುಗಳು. ಇನ್ನೊಂದರಲ್ಲಿ ಟೈಮ್‌ಕೋಡ್ ಸಮೇತ ನಿಮ್ಮ ಟಿಪ್ಪಣಿಗಳು. ಇಲ್ಲಿ ಸಂಗೀತ ಚೆನ್ನಾಗಿರಲಿ ಎಂಬ ಟಿಪ್ಪಣಿಯಿಂದ ಯಾರಿಗೂ ಸಹಾಯವಾಗುವುದಿಲ್ಲ. 01:07:12ಕ್ಕೆ ಮದ್ದಳೆಯ ಕೊನೆಯ ಪೆಟ್ಟಿನ ಅನುರಣನ ಪೂರ್ತಿ ಅಡಗಿದ ಮೇಲೆಯೇ ನಿರೂಪಣೆ ಶುರುವಾಗಬೇಕು ಎಂದು ಬರೆದರೆ ಕೆಲಸ ಆಗುತ್ತದೆ.

ಮಾತಿನ ಪೂರ್ಣ ಪಠ್ಯವನ್ನೂ ಕೊಡಿ. ನಮ್ಮ ಜಿಲ್ಲೆಯಲ್ಲಿ ಇದು ಅತ್ಯಗತ್ಯ. ಕೊಂಕಣಿ, ನವಾಯತಿ, ಹಾಲಕ್ಕಿ ಕನ್ನಡ, ಹವಿಗನ್ನಡ ಎಲ್ಲವೂ ಒಂದೇ ಚಿತ್ರದಲ್ಲಿ ಬರಬಹುದು. ಹವ್ಯಕರ ಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ ಎಂದರ್ಥ. ಬೆಂಗಳೂರಿನ ಎಂಜಿನಿಯರಿಗೆ ಅದು ಇಲ್ಲಿಯೇ ಎಂದು ಕೇಳಿಸುತ್ತದೆ. ವಾಕ್ಯದ ಕೊನೆಯಲ್ಲಿ ಧ್ವನಿ ತಗ್ಗಿ ಆ ಪದ ಅಸ್ಪಷ್ಟವಾಗಿದ್ದಾಗ, ಅದನ್ನು ಎತ್ತಿ ಕೇಳಿಸಬೇಕೋ ಕ್ಷೀಣವಾಗಲು ಬಿಡಬೇಕೋ ಎಂಬ ನಿರ್ಧಾರ ಅರ್ಥ ತಿಳಿಯದೆ ಆಗುವಂಥದ್ದಲ್ಲ. ಆಡಿದ ಮಾತನ್ನು ಆಡಿದ ಹಾಗೆಯೇ ಒಂದು ಸಾಲಿನಲ್ಲಿ, ಅದರ ಶಿಷ್ಟ ಕನ್ನಡದ ಅರ್ಥವನ್ನು ಕೆಳಗಿನ ಸಾಲಿನಲ್ಲಿ ಬರೆಯಿರಿ. ಮುಂಬೈಗೆ ಕಳಿಸುವುದಾದರೆ ಇಂಗ್ಲಿಷ್ ಅಥವಾ ಹಿಂದಿಯ ಸಾಲೂ ಇರಲಿ.

ಸಂಗೀತದ ಪಟ್ಟಿಯಲ್ಲಿ ಪ್ರತಿ ತುಣುಕಿನ ಹೆಸರು, ರಚಿಸಿದವರು, ಶುರುವಾಗುವ ಮತ್ತು ಮುಗಿಯುವ ಹೊತ್ತು, ಹಕ್ಕು ಯಾರದ್ದು ಎಂಬುದು ಇರಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಚಿತ್ರೀಕರಿಸಿದ್ದರೆ ಅಂಗಡಿಗಳ ಧ್ವನಿವರ್ಧಕದಿಂದ ಸಿನಿಮಾ ಹಾಡು ನುಗ್ಗಿರುವ ಸಾಧ್ಯತೆ ಇದ್ದೇ ಇದೆ. ಆ ಜಾಗಗಳನ್ನು ಗುರುತು ಮಾಡಿ ತಿಳಿಸಿ, ಹಕ್ಕಿನ ತಕರಾರು ಬರುವ ಮೊದಲೇ ಬೇರೆ ಜನಜಂಗುಳಿಯ ಸದ್ದಿನಿಂದ ಅದನ್ನು ಮುಚ್ಚಬಹುದು.

ಕಳಿಸುವ ಮೊದಲು ತೆರೆದು ನೋಡುವುದು

ಈ ಹಂತವನ್ನು ಬಿಟ್ಟರೆ ಹಿಂದಿನ ಶ್ರಮವೆಲ್ಲ ಅದೃಷ್ಟದ ಮೇಲೆ ನಿಲ್ಲುತ್ತದೆ. ಸಿದ್ಧವಾದ ಎಎಎಫ್ ಅನ್ನು ನೀವು ಸಂಕಲಿಸಿದ ಸಾಫ್ಟ್‌ವೇರಿನಲ್ಲಿ ತೆರೆಯದೆ ಬೇರೊಂದರಲ್ಲಿ ತೆರೆಯಿರಿ. ಪ್ರೀಮಿಯರ್‌ನಲ್ಲಿ ಕೆಲಸ ಮಾಡಿದವರು ರಿಸಾಲ್ವ್‌ನ ಉಚಿತ ಆವೃತ್ತಿಯನ್ನು ಇದಕ್ಕೆ ಬಳಸಬಹುದು. ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲಿ, ಕಳಿಸಲಿರುವ ಡಿಸ್ಕಿನಿಂದಲೇ ತೆರೆಯಿರಿ; ನಿಮ್ಮದೇ ಯಂತ್ರದಲ್ಲಾದರೆ ಕಾಣೆಯಾದ ಫೈಲನ್ನು ಅದು ಹಳೆಯ ಜಾಗದಿಂದ ಹುಡುಕಿಕೊಂಡು ಎಲ್ಲ ಸರಿಯಿದೆಯೆಂದು ತೋರಿಸಬಹುದು. ಉಲ್ಲೇಖದ ವಿಡಿಯೋವನ್ನು ಮೇಲಿಟ್ಟು, ಅದರ ಧ್ವನಿಯನ್ನೂ ಎಎಎಫ್ ಧ್ವನಿಯನ್ನೂ ಒಟ್ಟಿಗೆ ಕೇಳಿ. ಎರಡೂ ಹೊಂದಿದ್ದರೆ ಒಂದೇ ಧ್ವನಿಯಂತೆ ಕೇಳುತ್ತದೆ, ಸ್ವಲ್ಪ ಜರುಗಿದ್ದರೂ ಪ್ರತಿಧ್ವನಿಯಂತಾಗುತ್ತದೆ. ತಲೆ, ನಡು, ಬಾಲ ಮೂರೂ ಕಡೆ ಹೀಗೆ ಪರೀಕ್ಷಿಸಿ.

ಫೈಲುಗಳ ಮತ್ತು ಫೋಲ್ಡರುಗಳ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಬಳಸಿ. ಕನ್ನಡದಲ್ಲಿ ಹೆಸರಿಡುವ ಆಸೆ ನನಗೂ ಇದೆ, ಆದರೆ ಕೆಲವು ಧ್ವನಿ ಸಾಫ್ಟ್‌ವೇರುಗಳಲ್ಲಿ ಆ ಹೆಸರು ಚೌಕಗಳಾಗಿ ಒಡೆದು ಫೈಲಿನ ಕೊಂಡಿ ಕಳಚುತ್ತದೆ. ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ತೆರೆಯುತ್ತದೆ. ಹಳೆಯ ಫ್ಯಾಟ್32ರಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ.

ಅಂತರಜಾಲದಲ್ಲಿ ಕಳಿಸುವವರು ಸಮಯದ ಲೆಕ್ಕ ಹಾಕಿಕೊಳ್ಳಿ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಇರುವ ಸಂಪರ್ಕದಲ್ಲಿ 40 ಗಿಗಾಬೈಟ್ ಸಾಗಲು ನಾಲ್ಕೂವರೆ ಗಂಟೆ ಬೇಕು, ಅದೂ ಕರೆಂಟ್ ಹೋಗದಿದ್ದರೆ. ಜೂನ್, ಜುಲೈಯಲ್ಲಿ ಘಟ್ಟದ ಮೇಲೆ ಅದನ್ನು ನಂಬಿ ಕೂರುವಂತಿಲ್ಲ. ಮಧ್ಯದಲ್ಲಿ ಕಡಿದರೆ ನಿಂತಲ್ಲಿಂದಲೇ ಮುಂದುವರಿಯುವ ಸೇವೆಯನ್ನೇ ಆರಿಸಿಕೊಳ್ಳಿ. ಡಿಸ್ಕನ್ನು ರಾತ್ರಿ ಬಸ್ಸಿಗೆ ಹಾಕುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ, ಇನ್ನೊಂದು ಪ್ರತಿ ಮನೆಯಲ್ಲಿರುವುದನ್ನು ಖಚಿತಪಡಿಸಿಕೊಂಡು ಕೊಡಿ. ಎರಡೂ ವಿಧಾನದಲ್ಲಿ ಎಂಡಿ5 ಚೆಕ್‌ಸಮ್ (ಪ್ರತಿ ಫೈಲಿನ ಬೆರಳಚ್ಚಿನಂಥ ಸಂಕೇತ) ಪಟ್ಟಿಯನ್ನು ಜೊತೆಗಿಟ್ಟರೆ ಫೈಲುಗಳು ಕೆಡದೆ ತಲುಪಿದವೇ ಎಂದು ಅವರು ಹೋಲಿಸಿ ನೋಡಬಹುದು.

ಲಾಕ್ ಮುರಿಯಲೇಬೇಕಾದಾಗ, ಮಿಶ್ರಣ ಮರಳಿದಾಗ

ಕೆಲವೊಮ್ಮೆ ಲಾಕ್ ಆದ ಮೇಲೂ ಒಂದು ದೃಶ್ಯ ತೆಗೆಯಬೇಕಾಗುತ್ತದೆ. ಆಗ ಸುಮ್ಮನೆ ಹೊಸ ಎಎಎಫ್ ಕಳಿಸಬೇಡಿ. ಯಾವ ಟೈಮ್‌ಕೋಡಿನಿಂದ ಯಾವುದರವರೆಗೆ ತೆಗೆದಿರಿ, ಎಷ್ಟು ಫ್ರೇಮ್ ಕಡಿಮೆಯಾಯಿತು, ಎಲ್ಲಿಂದ ಮುಂದೆ ಎಲ್ಲವೂ ಎಷ್ಟು ಜರುಗಿತು ಎಂಬ ಬದಲಾವಣೆಯ ಪಟ್ಟಿ, ಹೊಸ ಆವೃತ್ತಿ ಸಂಖ್ಯೆಯ ವಿಡಿಯೋ, ಆ ಭಾಗದ ಧ್ವನಿ ಇವಿಷ್ಟನ್ನು ಕಳಿಸಿದರೆ ಅವರು ಮಾಡಿದ ಕೆಲಸವನ್ನು ಉಳಿಸಿಕೊಂಡೇ ಹೊಂದಿಸುತ್ತಾರೆ.

ಮಿಶ್ರಣ ಮುಗಿದಾಗ ಪೂರ್ಣ ಮಿಶ್ರಣದ ಜೊತೆಗೆ ಮಾತು, ಸಂಗೀತ, ಇತರ ಸದ್ದು ಈ ಮೂರರ ಬೇರೆ ಬೇರೆ ಸ್ಟೆಮ್‌ಗಳನ್ನೂ ಕೇಳಿ ಪಡೆಯಿರಿ. ಮಾತಿಲ್ಲದ ಸಂಗೀತ ಮತ್ತು ಸದ್ದಿನ ಟ್ರ್ಯಾಕ್ ಕೈಯಲ್ಲಿದ್ದರೆ ಮುಂದೆಂದಾದರೂ ಕೊಂಕಣಿಗೋ ಹಿಂದಿಗೋ ಡಬ್ ಮಾಡುವಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಬಂದ ಫೈಲನ್ನು ಲಾಕ್ ಆದ ಮೂಲ ಟೈಮ್‌ಲೈನಿನಲ್ಲಿ ಎರಡೂ ಪಾಪ್‌ಗಳಿಗೆ ಹೊಂದಿಸಿ, ಹಳೆಯ ಧ್ವನಿ ಟ್ರ್ಯಾಕುಗಳನ್ನು ಮುಚ್ಚಿ, ಆರಂಭದಿಂದ ಕೊನೆಯವರೆಗೆ ಒಮ್ಮೆ ಹೆಡ್‌ಫೋನಿನಲ್ಲಿ, ಒಮ್ಮೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ. ಆಮೇಲೆ ಎಎಎಫ್, ಮೂಲ ಧ್ವನಿ, ಸ್ಟೆಮ್‌ಗಳು, ಕಾಗದಗಳು ಎಲ್ಲವನ್ನೂ ಎರಡು ಡಿಸ್ಕುಗಳಿಗೆ ಹಾಕಿ. ಒಂದು ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಬೇರೊಬ್ಬರ ಮನೆಯಲ್ಲಿ. ಕರಾವಳಿಯ ತೇವಕ್ಕೆ ಕಪಾಟಿನೊಳಗೂ ಬೂಸಲು ಹಿಡಿಯುವುದರಿಂದ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ ಒಮ್ಮೆ ಡಿಸ್ಕನ್ನು ಕಂಪ್ಯೂಟರಿಗೆ ಹಚ್ಚಿ ಫೈಲುಗಳು ತೆರೆಯುತ್ತವೆಯೇ ಎಂದು ನೋಡಿಕೊಳ್ಳಿ.